ಮುಚ್ಚಳವಿಲ್ಲದ ಯುದ್ಧನೌಕೆ

ಮಕ್ಕಳೇ, ಬ್ರಿಟಿಷರ ನೌಕಾಪಡೆ ಕಟ್ಟಕಡೆಗೆ ಬೀಡುಬಿಟ್ಟದ್ದು ಅಮೆರಿಕದ ನಮ್ಮ ಫ್ರೀಮಾಂಟಿನ ಗ್ಯಾರೇಜಿನಲ್ಲಿ ಎಂದರೆ ನಂಬುತ್ತೀರಾ? ನೀವು ಸಣ್ಣವರಿದ್ದಾಗ, ಆ ಡಾಟ್‌ಕಾಮ್ ಹುಚ್ಚಿನಲ್ಲಿ, ಅಕ್ಕಪಕ್ಕದವರೆಲ್ಲ ಗ್ಯಾರೇಜಿನಲ್ಲಿ ಕಂಪನಿ ತೆರೆಯುತ್ತಿದ್ದರು. ನನ್ನ ಅಣ್ಣ ಮಾತ್ರ ನನ್ನ ಮಗನ, ಅಂದರೆ ನಿಮ್ಮಪ್ಪನ, ಆಫೀಸಿನವರು ಎಸೆದ ಪ್ಯಾಕಿಂಗ್ ಹಲಗೆಯಿಂದ ಎರಡು ಮೊಳದ ಯುದ್ಧನೌಕೆ ಕಟ್ಟುತ್ತಿದ್ದ!

ಅವನು ಹುಡುಗನಾಗಿದ್ದಾಗ ಕಾರವಾರ ಬಿಟ್ಟು ಹೋಗಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಲಘು ಕ್ರೂಸರ್ ಒಂದರ ಅಡುಗೆಮನೆಯಲ್ಲಿ ದುಡಿದವನು. ಮಾತು ಕೇಳಿದರೆ ಮಾತ್ರ ಹಡಗು ನಡೆಸಿದ್ದೇ ಅವನು!

"ಲಘು ಕ್ರೂಸರ್ ಅಂದ್ರೆ ಎಂತ ಗೊತ್ತುಂಟಾ? ದೊಡ್ಡ ಹಡಗು ಬಂದ್ರೆ ಓಡೂಕೆ ವೇಗ, ಸಣ್ಣದು ಬಂದ್ರೆ ಓಡ್ಸೂಕೆ ತೋಪು. ಮೈಮೇಲಿನ ಉಕ್ಕು ಮಾತ್ರ ತೆಳ್ಳಗೆ."

ಅಂದರೆ ತುಂಬಿದ ಮನೆಯ ನಡುವಿನ ಸೊಸೆಯ ಹಾಗೆ! ಬಾಯಿಬಿಟ್ಟು ಹೇಳುವ ಧೈರ್ಯ ನನಗೆಲ್ಲಿ?

ಆಯುಧಪೂಜೆಗೆ ಕಾರುಗಳ ಜೊತೆ ಹಡಗಿಗೂ ಕುಂಕುಮ ಹಚ್ಚಿದೆ. ಕಾಯಿ ಒಡೆಯುವಾಗ ಕೈಜಾರಿ, ಅದು ಮುಂದಿನ ತೋಪಿನ ಮೇಲೆಯೇ ಬಿತ್ತು.

"ಈ ತೋಪು ಮುರಿಯೂಕೆ ಜರ್ಮನಿಯವ್ರಿಗೂ ಆಗ್ಲಿಲ್ಲ. ನಿನ್ನ ತೆಂಗಿನಕಾಯಿಗೆ ಆಯ್ತಲ್ಲೇ ಮಾರಾಯ್ತಿ!"

ಪಾರ್ಕಿನ ಕೆರೆಗೆ ಬಿಟ್ಟಾಗಲೆಲ್ಲ ಹಡಗು ಮುಳುಗುತ್ತಿತ್ತು. ಮುಳುಗದೆ ಏನು? ಕೆಳಗಿನ ಉಗ್ರಾಣಕ್ಕೆ ಇಳಿಯುವ ಕಿಂಡಿಗೆ ಅವನು ಮುಚ್ಚಳವನ್ನೇ ಇಟ್ಟಿರಲಿಲ್ಲ. ಗಾಳಿಗೆ ಎದ್ದ ಅಲೆ ನೇರ ಒಳಗೆ!

"ಕ್ಲೋಸ್ ಇಟ್, ಅಜ್ಜಾ!" ಎಂದು ನೀವು ದಡದಲ್ಲಿ ಕಿರುಚುತ್ತಿದ್ದಿರಿ.

"ಮಾವ, ಸಿಂಪಲ್ ಡಿಸೈನ್ ಪ್ರಾಬ್ಲಮ್ಮು. ಒಂದು ಮುಚ್ಚಳ ಹಾಕ್ಬಿಡಿ," ಎನ್ನುತ್ತಿದ್ದ ನಿಮ್ಮಪ್ಪ.

"ಹಾಕೂದಿಲ್ಲ. ತೆರೆದಿಟ್ಟೇ ತೇಲಿಸ್ತೆ, ನೋಡು."

ಹಗ್ಗ ಕಟ್ಟಿ ಮೇಲೆಳೆಯುವುದು, ಒಣಗಿಸುವುದು, ಮತ್ತೆ ಬಿಡುವುದು. ನಿಮ್ಮಮ್ಮನ ಹೇರ್ ಡ್ರೈಯರ್ ಹಡಗಿಗೇ ಮೀಸಲಾಯಿತು!

ಒಂದು ದಿನ ನಿಮ್ಮಪ್ಪ ತಾನೇ ಮುಚ್ಚಳ ಕತ್ತರಿಸಿ ತಂದು ಕಿಂಡಿಗೆ ಒತ್ತಿದ. ಅಣ್ಣ ಅದನ್ನು ಕಿತ್ತ. ಎಂದೂ ಹೇಳದ್ದನ್ನು ಅಂದು ಹೇಳಿದ.

"ಟಾರ್ಪಿಡೊ ಬಿದ್ದಾಗ ನೀರು ನುಗ್ತಾ ಇತ್ತು. ಕಿಂಡಿ ಮುಚ್ಚಿ ಅಂತ ಆರ್ಡರು. ಮುಚ್ಚಿದ್ರು. ಹಡಗು ಉಳೀತು. ನನ್ನ ಜೊತೆಗಾರ ಅಕ್ಕಿ ತರೂಕೆ ಕೆಳಗೆ ಇಳಿದಿದ್ದ."

ನಿಮ್ಮಪ್ಪ ಮುಚ್ಚಳವನ್ನು ಜೇಬಿಗೆ ಹಾಕಿಕೊಂಡ.

ಮರುದಿನದಿಂದ ಮಾವ ಅಳಿಯ ಇಬ್ಬರೂ ಗ್ಯಾರೇಜಿನಲ್ಲಿ! ಹಡಗಿನ ತಳಕ್ಕೆ ಭಾರ ಇಟ್ಟರು, ಕಿಂಡಿಯ ಸುತ್ತ ಬಾವಿಕಟ್ಟೆಯಂತೆ ಎತ್ತರದ ಗೋಡೆ ಎಬ್ಬಿಸಿದರು. ಬ್ರಿಟಿಷರು ನೋಡಿದ್ದರೆ ನಗುತ್ತಿದ್ದರು. ನಗಲಿ!

ಆ ಭಾನುವಾರ ಗಾಳಿ ಜೋರಾಗಿತ್ತು. ಹಡಗು ವಾಲಿತು. ಅಲೆ ಕಟ್ಟೆಗೆ ಬಡಿದು ಹಿಂದೆ ಸರಿಯಿತು. ಹಡಗು ಮೆಲ್ಲನೆ ನೆಟ್ಟಗಾಯಿತು, ತೇಲಿತು. ನೀವು ಕೇಕೆ ಹಾಕಿದಿರಿ. ಅಣ್ಣ ಪ್ಯಾಂಟು ನೆನೆಯುವುದನ್ನೂ ನೋಡದೆ ನೀರಿಗಿಳಿದ. ಬಗ್ಗಿ, ಕಿಂಡಿಯ ಹತ್ತಿರ ಬಾಯಿಟ್ಟು, ಯಾರಿಗೂ ಕೇಳದ ಹಾಗೆ ಕರೆದ. ಹಿಂದೆಯೇ ನೀರಿಗಿಳಿದಿದ್ದ ನನಗೆ ಕೇಳಿಸಿತು.

"ಬಾರೋ, ಮೇಲೆ ಬಾ. ತೆರೆದುಂಟು."