ಮುದ್ದಣ್ಣನಿಗೊಂದು ಶಾಲು

ಸರ್ವಮಂಗಳಾ ಮೇಡಂ ಹೊಸ ರವಿಕೆಯನ್ನು ಟೈಲರ್ ಪಾಲಾಕ್ಷನ ಮೇಜಿನ ಮೇಲೆ ಬಿಡಿಸಿಟ್ಟರು. ಎಡತೋಳು ಮೊಣಕೈ ದಾಟಿತ್ತು. ಬಲತೋಳು ಭುಜದ ಹತ್ತಿರವೇ ಮುಗಿದುಹೋಗಿತ್ತು.

"ಒಂದ್ ಕೈಗೆ ಚಳಿಗಾಲ, ಇನ್ನೊಂದಕ್ಕೆ ಬೇಸಿಗೆ ಅಂತ ಹೊಲ್ದಿದ್ದೀಯೇನಪ್ಪಾ?"

"ಕೈ ನಡುಗ್ತೈತೆ ಮೇಡಂ. ಸರಿ ಮಾಡ್ಕೊಡ್ತೀನಿ."

"ಬೇಡ ಬಿಡು. ಎದುರಂಗಡೀಲಿ ಕೊಡ್ತೀನಿ."

ಆ ತಿಂಗಳು ಹಾಗೆ ಎದುರಂಗಡಿಗೆ ನಡೆದವರಲ್ಲಿ ಅವರು ಮೊದಲಿಗರಲ್ಲ.

ಪಾಲಾಕ್ಷನ ಕೈ ನಡುಗಲು ಕಾರಣ ಅವನ ಅಕ್ಕನ ಗಂಡ ಮುದ್ದಣ್ಣ. ಒಂದು ಕಾಲಕ್ಕೆ ರಾಜ್ಯವನ್ನೇ ಗೆದ್ದ ಬಾಕ್ಸರ್. ಈಚೆಗೆ ಒಂದೂ ಪಂದ್ಯ ಗೆದ್ದಿಲ್ಲ. ಆದರೂ ಬೆಳಗಾದರೆ ಮಧುಗಿರಿ ಬೆಟ್ಟದ ಬುಡದಲ್ಲಿ ಪಾಲಾಕ್ಷನ ಎರಡೂ ಅಂಗೈಗೆ ಪ್ಯಾಡ್ ಕಟ್ಟಿ, ರಾಗಿ ಮೂಟೆಗೆ ಗುದ್ದುವಂತೆ ಗುದ್ದುತ್ತಾನೆ. ಭಾವನಿಗೆ 'ಆಗಲ್ಲ' ಎನ್ನುವ ನಾಲಿಗೆ ಪಾಲಾಕ್ಷನಿಗಿಲ್ಲ. ಭಾವ ಬಾಕ್ಸಿಂಗ್ ಬಿಟ್ಟರೆ ಮಾತ್ರ ಅಂಗಡಿ ಉಳಿದೀತು.

ಟೀ ಅಂಗಡಿಯಲ್ಲಿ ಬಾಕ್ಸಿಂಗ್ ಅಭಿಮಾನಿ ಸಂಘ ಎಂದಿನಂತೆ ನೆರೆದಿತ್ತು.

"ಮುದ್ದಣ್ಣನ ಎಡಗೈ ಹೋಯ್ತು ಕಣ್ಲಾ," ಎಂದರು ಅಧ್ಯಕ್ಷ ಗಂಗಯ್ಯ, ರಿಟೈರಾದ ಕಂಡಕ್ಟರ್. "ಆವಾಗ ಸಿಡಿಲು. ಈಗ ಅವನು ಹೊಡುದ್ರೆ ಸೊಳ್ಳೆನೂ ಸಾಯಾಕಿಲ್ಲ."

ಪಾಲಾಕ್ಷ ಭುಜ ನೀವಿಕೊಂಡ.

"ಕಾಲೂ ಹೋಗೈತೆ," ಎಂದ ಗೊಬ್ಬರದಂಗಡಿ ನರಸಿಂಹರಾಜು. "ಜಿಂಕೆ ಇದ್ದಂಗಿದ್ದೋನು, ಈಗ ಎಮ್ಮೆ ಕೆರೆಗಿಳಿದಂಗೆ ರಿಂಗಿಗಿಳೀತಾನೆ. ಸಿರಾದಲ್ಲಿ ಸೋತಾಗ್ಲೇ ಬುಟ್ಬುಡಬೇಕಿತ್ತು."

"ಇದನ್ನ ಭಾವನ ಎದುರಿಗೇ ಹೇಳ್ರಣ್ಣ."

"ಹೇಳಾಕೇನು ಭಯ?" ಎಂದರು ಗಂಗಯ್ಯ. "ಸಂಜೆ ಸಂಘದ ಕಾರ್ಯಕ್ರಮ ಐತಲ್ಲ. ಒಂದ್ ಶಾಲು ಹೊದ್ಸಿ, ಸಾಕು ಬುಡಪ್ಪ ಅಂದ್ಬುಡ್ತೀವಿ. ಶಾಲು ನೀನೇ ತತ್ತಾ."

ಪಾಲಾಕ್ಷ ಶಾಲು ಕೊಂಡು, ಭಾವನನ್ನು ಕರೆಯಲು ಹೋದ.

"ಬತ್ತೀನಿ ಕಣ್ಲಾ. ನಂಗೂ ಅಲ್ಲೊಂದು ಮಾತು ಹೇಳೋದೈತೆ," ಎಂದ ಮುದ್ದಣ್ಣ. "ಹೆಂಗೂ ಬಂದಿದ್ದೀಯ, ಪ್ಯಾಡ್ ಹಿಡಿ."

ಸಂಜೆ ಗಂಗಯ್ಯ ಮೈಕು ಹಿಡಿದರು, ಕೆಮ್ಮಿದರು, ಮುಂದಿನ ಸಾಲಿನಲ್ಲಿ ಕೂತಿದ್ದ ಮುದ್ದಣ್ಣನನ್ನು ನೋಡಿದರು. ಕೈಯಲ್ಲಿ ಶಾಲು, ಬಾಯಿಗೆ ಮೈಕು ಇದ್ದಾಗ ಯಾರನ್ನಾದರೂ ತೆಗಳಿದ ಉದಾಹರಣೆ ಆ ಊರಲ್ಲಿಲ್ಲ.

"ಮುದ್ದಣ್ಣ ಅಂದ್ರೆ ನಮ್ಮ ಬೆಟ್ಟ ಇದ್ದಂಗೆ. ಬೆಟ್ಟಕ್ಕೆ ವಯಸ್ಸಾಯ್ತದಾ?"

ಪಾಲಾಕ್ಷ ಹಿಂದಿನಿಂದ ಅವರ ಅಂಗಿ ಜಗ್ಗಿದ. ಹೊಗಳಿಕೆ ಸಾಲದೆಂದು ತಿಳಿದ ಗಂಗಯ್ಯ, ಎಡಗೈ ಇವತ್ತಿಗೂ ಸಿಡಿಲೇ ಎಂದರು. ನರಸಿಂಹರಾಜು ಬಂದು ಎಮ್ಮೆಯನ್ನು ಮತ್ತೆ ಜಿಂಕೆ ಮಾಡಿದ.

ತಡೆಯಲಾರದೆ ಪಾಲಾಕ್ಷ ತಾನೇ ಮೈಕು ಕಸಿದುಕೊಂಡ. ನಿಜ ಹೇಳಿಯೇ ಬಿಡುವುದೆಂದು ಬಾಯಿ ತೆರೆದ.

"ಭಾವನ ಏಟು ಎಂಥದ್ದು ಅಂತ ನನ್ ಭುಜಕ್ಕೆ ಗೊತ್ತು. ಸೂಜಿ ಹಿಡಿಯಾಕಾಗ್ತಿಲ್ಲ."

ಜನ ಶಿಳ್ಳೆ ಹೊಡೆದರು. ಆ ಸಂಜೆಯ ಅತ್ಯುತ್ತಮ ಭಾಷಣ ಅದೇ ಆಗಿಹೋಯಿತು.

ಶಾಲು ಹೊದ್ದ ಮುದ್ದಣ್ಣ ಚೀಲದಿಂದ ಗ್ಲೌಸ್ ಹೊರತೆಗೆದ. ಕಣ್ಣು ಒದ್ದೆಯಾಗಿತ್ತು.

"ಇವನ್ನ ಸಂಘಕ್ಕೆ ಒಪ್ಪಿಸಿ, ಇನ್ನು ಸಾಕು ಅನ್ನಾನ ಅಂತಲೇ ಬಂದಿದ್ದೆ. ಟೀ ಅಂಗಡೀಲಿ ನನ್ನ ಆಡ್ಕೊತಾರೆ ಅಂತ ಯಾರೋ ಅಂದಿದ್ರು. ಅದು ಸುಳ್ಳು ಅಂತ ಇವತ್ತು ಗೊತ್ತಾಯ್ತು. ನಮ್ ಬಾಮೈದನೇ ಹಂಗಂದ್ಮೇಲೆ ಇನ್ನೇನು? ಕೈ ನಡೆಯೋಗಂಟ ಆಡ್ತೀನಿ. ನಾಳೆಯಿಂದ ಎರಡೂ ಹೊತ್ತು ಪ್ರಾಕ್ಟೀಸು."

ಗ್ಲೌಸ್ ಚೀಲಕ್ಕೆ ವಾಪಸಾಯಿತು. ಚಪ್ಪಾಳೆಯ ನಡುವೆ ಗಂಗಯ್ಯ ವೇದಿಕೆಯಿಂದಿಳಿದು ಬಂದು ಪಾಲಾಕ್ಷನ ಭುಜದ ಮೇಲೆ, ಸರಿಯಾಗಿ ನೋವಿದ್ದಲ್ಲೇ, ಕೈಯಿಟ್ಟರು.

"ಪಾಪ, ಅವನತ್ರ ಇನ್ನೇನೂ ಉಳಿದಿಲ್ಲ ಕಣ್ಲಾ," ಎಂದು ಕಿವಿಯಲ್ಲಿ ಪಿಸುಗುಟ್ಟಿದರು. "ನೀನು ಮನೆಯೋನು. ನೀನಾದ್ರೂ ನಿಜ ಹೇಳ್ಬಾರ್ದಿತ್ತಾ?"