ಅರ್ಜಿ ಬೇಡವೆಂದ ಮಾಮಾ

ನನ್ನ ಸೋದರಮಾವನಿಗೆ ಕುರ್ಚಿಯ ಆಸೆಯೇ ಇರಲಿಲ್ಲ ಎಂದರೆ ಜಮಖಂಡಿಯಲ್ಲಿ ಯಾರು ನಂಬುತ್ತಾರೆ? ಐದು ವರ್ಷ ಶಾಸಕನಾಗಿದ್ದವನಲ್ಲವೇ! ಆದರೆ ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ: ಒಂದು ಕಪ್ ಚಹಾ ಮುಗಿಯುವವರೆಗೆ ಅವನು ಯಾವ ಕುರ್ಚಿಯಲ್ಲೂ ಕೂತವನಲ್ಲ. ಎರಡು ಗುಟುಕು ಕುಡಿದು ಎದ್ದರೆ, ಉಳಿದದ್ದು ಕಿಟಕಿಯ ಮೇಲೆ ಆರುತ್ತಿತ್ತು.

ಚುನಾವಣೆ ಸೋತ ಮರುವಾರವೇ ಟ್ರಂಕಿನಿಂದ ಕರಿಕೋಟು ತೆಗೆದು ಮತ್ತೆ ವಕೀಲನಾದ. ನಾನು ಅವನ ಜೂನಿಯರ್. ಕೋಟು ಬದಲಾಯಿತು, ಮಾತು ಬದಲಾಗಲಿಲ್ಲ. ಶಾಸಕನಾಗಿದ್ದಾಗ ಯಾರು ಕಾಗದ ಹಿಡಿದು ಬಂದರೂ, "ಅರ್ಜಿ ಯಾಕ ಬೇಕ? ನಾ ಅದೀನಲ್ಲ!" ಎನ್ನುತ್ತಿದ್ದ. ಕೋರ್ಟಿನಲ್ಲಿ ನ್ಯಾಯಾಧೀಶರು ದಾಖಲೆ ಕೇಳಿದರೂ ಅದೇ: "ನಾ ಅದೀನಲ್ರೀ!"

"ನೀವು ಇದ್ದೀರಿ ವಕೀಲರೇ, ದಾಖಲೆ ಎಲ್ಲಿದೆ?"

ಯಾರಾದರೂ ಕೈ ಎತ್ತಿದರೆ ಗಾಡಿ ನಿಲ್ಲಿಸುವ ಚಟವೂ ಹೋಗಲಿಲ್ಲ. ಒಮ್ಮೆ ಮುಧೋಳ ರಸ್ತೆಯಲ್ಲಿ ಒಬ್ಬ ಕೈ ಮಾಡಿದ. ಮಾಮಾ ಬೈಕಿನ ಬ್ರೇಕ್ ಒತ್ತಿದ ರಭಸಕ್ಕೆ ಹಿಂದೆ ಕೂತಿದ್ದ ನನ್ನ ಚಷ್ಮಾ ಹಾರಿತು.

"ಏನ್ ತ್ರಾಸ ಐತಿ, ಹೇಳಪಾ."

"ಈಗ ಆತಲ್ರೀ ತ್ರಾಸ! ನಾ ನಿಮ್ಮ ಹಿಂದ ಬರೂ ಬಸ್ಸಿಗೆ ಕೈ ಮಾಡೀನಿ. ನೀವು ಅಡ್ಡ ನಿಂತ್ರಿ, ಅದು ಹ್ವಾತು!"

ಅವನನ್ನೂ ಹತ್ತಿಸಿಕೊಂಡು ಬಸ್ಸಿನ ಬೆನ್ನು ಹತ್ತಿದೆವು. ಒಂದು ಬೈಕು, ಮೂವರು ಸವಾರರು. ಅದರಲ್ಲಿ ಇಬ್ಬರು ವಕೀಲರು!

ಆಮೇಲೆ ಬೀಳಗಿ ಕಡೆಯ ಒಬ್ಬ ಹೆಂಗಸು ಬಂದಳು. ಅವಳ ಊರು ಹಿನ್ನೀರಿನಲ್ಲಿ ಮುಳುಗಿತ್ತು. ಹೊಸ ಊರಿನಲ್ಲಿ ಎಲ್ಲರಿಗೂ ಮನೆಯ ಜಾಗ ಸಿಕ್ಕಿತ್ತು. ಅವಳೊಬ್ಬಳು ತಗಡಿನ ಶೆಡ್ಡಿನಲ್ಲೇ ಉಳಿದಿದ್ದಳು. ದಾವೆ ಹಾಕಿದೆವು. ಸರ್ಕಾರಿ ವಕೀಲರು ಕಟಕಟೆಯಲ್ಲಿದ್ದ ಅವಳನ್ನು ಒಂದೇ ಪ್ರಶ್ನೆ ಕೇಳಿದರು: "ಜಾಗಕ್ಕೆ ಅರ್ಜಿ ಕೊಟ್ಟಿದ್ದೀರಾ?"

"ಕೊಡಾಕ ಹೋಗಿದ್ನಿರೀ. ಸಾಹೇಬ್ರು ಬ್ಯಾಡ ಅಂದ್ರು."

"ಯಾವ ಸಾಹೇಬರು?"

ಅವಳು ಮಾಮಾನನ್ನು ನೋಡಿದಳು. ತಲೆ ತಗ್ಗಿಸಿದಳು. "ನೆನಪಿಲ್ರೀ."

ಆ ಒಂದು ಮಾತಿಗೆ ಅವಳ ಮನೆಯ ಜಾಗ ಕೈತಪ್ಪುತ್ತಿತ್ತು. ಅದು ಅವಳಿಗೂ ಗೊತ್ತಿತ್ತು.

ಮಾಮಾ ನಿಧಾನವಾಗಿ ಗೌನು ಬಿಚ್ಚಿ ನನ್ನ ಕೈಗಿಟ್ಟ. "ಈ ದಾವೆಯ ವಕಾಲತ್ತು ಬಿಡುತ್ತೇನೆ. ನಾನು ಸಾಕ್ಷಿ ಹೇಳಬೇಕು," ಎಂದು ನ್ಯಾಯಾಧೀಶರಿಗೆ ಹೇಳಿದ.

ಮುಂದಿನ ತಾರೀಖಿಗೆ ಅವನೇ ಕಟಕಟೆ ಹತ್ತಿದ. "ಶಾಸಕ ಇದ್ದಾಗ ಅರ್ಜಿ ಬ್ಯಾಡ ಅಂದಾಂವ ನಾನ್ರೀ. ನನ್ನ ಮಾತು ನಂಬಿದ್ದಷ್ಟ ಆಕಿ ತಪ್ಪು." ಪಾಟೀಸವಾಲು ಮುಗಿಯುವವರೆಗೂ ಅವನ ಕಾಲು ಕದಲಲಿಲ್ಲ.

ತೀರ್ಪು ಇನ್ನೂ ಬಂದಿಲ್ಲ. ಅಂದು ಹೊರಗೆ ಬಂದಾಗ ವರಾಂಡದ ಬೆಂಚಿನ ಮೇಲೆ ಅವಳು ಸರಿದು ಜಾಗ ಮಾಡಿದಳು.

"ಇನ್ನರೆ ಕುಂದರ್ರಿ, ಸಾಹೇಬ್ರ."

ಕೂತ. ನಾನು ಚಹಾ ತಂದುಕೊಟ್ಟೆ. ಕಪ್ಪು ಖಾಲಿಯಾದ ಮೇಲೂ ಮಾಮಾ ಏಳಲಿಲ್ಲ.