ಮೊಮ್ಮಕ್ಕಳ ಕೈಗೆ ಏರ್‌ಗನ್ ಕೊಟ್ಟ ಮೇಲೆ

ಮೊಮ್ಮಕ್ಕಳಿಗೆ ಗುರಿ ಕಲಿಸಲು ಹೊರಟ ಮನೆಯಲ್ಲಿ ನಗುವುದಕ್ಕೆ ಬೇರೆ ಏನೂ ಬೇಡ. ವಾರಕ್ಕೊಂದು ಎಡವಟ್ಟು ತಾನಾಗಿಯೇ ಆಗುತ್ತದೆ.

ಮರವಂತೆಯ ಹೆದ್ದಾರಿ ಬದಿ ನನ್ನ ಕ್ಯಾಂಟೀನು. ಗೋಳಿಬಜೆ ಕಟ್ಟಿಕೊಡುವ ಪೇಪರಿನಲ್ಲೇ ಅಕ್ಷರ ಕಲಿತವಳು ನಾನು. ಕಡಲ ಬದಿಯ ಬಲೂನಿಗೆ ಹೊಡೆಯುವ ಅಂಗಡಿಯಲ್ಲಿ ಗುರಿ ಕಲಿತೆ, ಆಮೇಲೆ ಸ್ವಂತಕ್ಕೇ ಒಂದು ಏರ್‌ಗನ್ ತಂದೆ. ಮಗನಿಗೆ ಅದರ ಹುಚ್ಚು ಹತ್ತಲಿಲ್ಲ. ಇನ್ನುಳಿದವರು ಒಂಬತ್ತನೇ ಕ್ಲಾಸಿನ ಮೊಮ್ಮಗಳು, ಮೂರನೇ ಕ್ಲಾಸಿನ ಮೊಮ್ಮಗ. ಸೊಸೆ ಷರತ್ತು ಹಾಕಿದಳು: "ರೈಫಲ್ ಕ್ಲಬ್ಬಿನ ಸ್ಪರ್ಧೆಯೊಳ್ಗೆ ಮಕ್ಳಿಗೆ ಒಂದಾದ್ರೂ ಪ್ರೈಜ್ ಬರ್ಕ್ ಅತ್ತಿ. ಇಲ್ದಿರೆ ಕೋವಿ ಅಟ್ಟಕ್ಕೆ, ಮಕ್ಳ್ ಟ್ಯೂಷನ್ನಿಗೆ."

"ಬತ್ತ್, ಕಾಣ್," ಎಂದೆ.

ಠಾಣೆಯಲ್ಲಿ

ಚುನಾವಣೆ ಬಂದರೆ ಕೋವಿ ಇದ್ದವರು ಅದನ್ನು ಠಾಣೆಗೆ ಒಪ್ಪಿಸಬೇಕು. ಕಾಡುಹಂದಿ ಓಡಿಸುವ ಕೃಷಿಕರೆಲ್ಲ ಸಾಲು ನಿಂತಿದ್ದರು. ಮೊಮ್ಮಗನನ್ನು ಕರೆದುಕೊಂಡು, ಏರ್‌ಗನ್ ಹಿಡಿದು ನಾನೂ ನಿಂತೆ.

"ಅಮ್ಮ, ಇದಕ್ಕೆ ಲೈಸೆನ್ಸೇ ಬೇಡ. ಮನೆಗೆ ತಗೊಂಡು ಹೋಗಿ," ಎಂದರು ಘಟ್ಟದ ಮೇಲಿನ ಕಾನ್‌ಸ್ಟೇಬಲ್.

"ಪೇಪರಿನೊಳ್ಗೆ ಎಲ್ಲ ಆಯುಧ ಅಂದೇಳಿ ಇತ್ತ್. ನಾನೇ ಓದಿದ್ದೆ. ರಸೀದಿ ಕೊಡಿ."

ಅರ್ಧ ಗಂಟೆ ಜಗ್ಗಾಡಿ, ಸೋತು, ಅವರು ಪುಸ್ತಕ ತೆಗೆದರು. ಅದೇ ಹೊತ್ತಿಗೆ ಮೊಮ್ಮಗ ಚಡ್ಡಿಯ ಕಿಸೆಯಿಂದ ನೀರಿನ ಪಿಸ್ತೂಲು ತೆಗೆದು ಮೇಜಿನ ಮೇಲಿಟ್ಟ.

"ಇದ್ಕೂ ರಸೀದಿ ಕೊಡಿ. ಜಾಗ್ರತೆ, ಒಳ್ಗೆ ನೀರ್ ಇತ್ತ್."

ಮದುವೆ ಕಾಗದ

ಗುರಿ ಇಡುವ ಕಾರ್ಡುಗಳು ಒಂದೇ ವಾರಕ್ಕೆ ಮುಗಿದವು. ಮನೆಯಲ್ಲಿ ಮದುವೆ ಕಾಗದಗಳ ರಾಶಿಯೇ ಇತ್ತು. ಹಿಂಬದಿಗೆ ವೃತ್ತ ಎಳೆದು ಹಿತ್ತಿಲ ಹಲಗೆಗೆ ಸಿಕ್ಕಿಸಿದೆವು.

ಒಂದು ಭಾನುವಾರ ಕುಂಭಾಶಿಯ ನೆಂಟರು ಬಂದರು. ಹಿಂದಿನ ತಿಂಗಳಷ್ಟೇ ಮಗನ ಮದುವೆ ಮುಗಿಸಿದವರು. ಕೈ ತೊಳೆಯಲು ಹಿತ್ತಿಲಿಗೆ ಹೋದವರು ಅದೇ ಮದುವೆಯ ಕಾಗದ ಹಿಡಿದು ವಾಪಸು ಬಂದರು. ಮದುಮಗನ ಹೆಸರಿದ್ದಲ್ಲಿ ಆಚೆಯ ಬೆಳಕು ಕಾಣುತ್ತಿತ್ತು.

"ಹ್ವಾಯ್, ಎಂತ ಇದ್? ನಮ್ಮ್ ಮಾಣಿ ಹೆಸ್ರಿಗೇ ಹೊಡ್ದಿದ್ರಿ?"

ಮೊಮ್ಮಗ ಮುಂದೆ ಬಂದ. "ನಿಮ್ದ್ ಒಳ್ಳೆ ದಪ್ಪ ಕಾಗ್ದ. ಇಪ್ಪತ್ತ್ ಗುಂಡು ತಡ್ಕಂಡಿತ್. ಇನ್ನೊಬ್ರದ್ದ್ ಮೊದ್ಲ ಗುಂಡಿಗೇ ಹರ್ದ್ ಹೋಯ್ತ್."

ನೆಂಟರು ಕುರ್ಚಿ ಎಳೆದು ಕುಳಿತರು. "ಹರ್ದದ್ ಯಾರ್ದ್?"

ಕೊನೆಯ ಗುಂಡು

ಸ್ಪರ್ಧೆ ನಡೆದದ್ದು ಬ್ರಹ್ಮಾವರದಲ್ಲಿ. ಸಣ್ಣವನೆಂದು ಮೊಮ್ಮಗನನ್ನು ಸೇರಿಸಲಿಲ್ಲ. ನಾನೂ ಹೆಸರು ಕೊಟ್ಟಿದ್ದೆ, ಮೊಮ್ಮಗಳ ಪಕ್ಕದ ಜಾಗ ನನಗೆ ಸಿಕ್ಕಿತು. ಕೊನೆಯ ಗುಂಡಿಗೆ ಇಬ್ಬರಿಗೂ ಹೊಸ ಕಾರ್ಡು ಹಾಕಿದರು. ಅದೊಂದು ನಡುವಿಗೆ ಬಿದ್ದರೆ ಅವಳಿಗೆ ಮೂರನೇ ಬಹುಮಾನ.

ಇಬ್ಬರೂ ಹೊಡೆದೆವು. ತೀರ್ಪುಗಾರರು ಕಾರ್ಡು ತಂದರು. ಅವಳದರಲ್ಲಿ ಎರಡು ತೂತು, ಒಂದು ನಡುವಿನಲ್ಲಿ, ಇನ್ನೊಂದು ಎಡ ಅಂಚಿನಲ್ಲಿ. ನನ್ನದು ಹಾಕಿದ ಹಾಗೇ ಇತ್ತು.

"ಒಬ್ಬರು ಪಕ್ಕದ ಕಾರ್ಡಿಗೆ ಹೊಡೆದಿದ್ದೀರಿ. ಯಾವುದು ಯಾರದ್ದೆಂದು ಗೊತ್ತಾಗದಿದ್ದರೆ ಇದು ಲೆಕ್ಕಕ್ಕಿಲ್ಲ," ಎಂದರು.

"ನಡುಕಿಂದ್ ನಂದ್. ಅಂಚಿಂದ್ ಅಜ್ಜಿದ್," ಎಂದಳು ಮೊಮ್ಮಗಳು.

"ಹೇಗೆ ಹೇಳ್ತೀಯ?"

"ಅಜ್ಜಿ ಹೊಡುದ್ ಯಾವತ್ತೂ ಎಡಬದಿಗೇ ಹೋತ್. ಮನೆಯೊಳ್ಗೆ ಎಲ್ಲರಿಗೂ ಗೊತ್ತಿತ್ತ್. ಹೇಳುಕೆ ಹೆದ್ರಿಕೆ."

ಸಭೆಯಿಡೀ ನನ್ನ ಕಡೆ ತಿರುಗಿತು. ಸಾಂಬಾರಿಗೆ ಉಪ್ಪು ಹೆಚ್ಚಾಯಿತು ಎಂದ ಗಿರಾಕಿಗೆ, ನಿಮ್ಮ ನಾಲಗೆಯೇ ಸಮ ಇಲ್ಲ ಎಂದು ಹೇಳಿ ಕಳಿಸಿದವಳು ನಾನು.

"ಹೌದಾ ಅಮ್ಮ?" ಎಂದು ಕೇಳಿದರು ತೀರ್ಪುಗಾರರು.

ಮೊಮ್ಮಗಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳು.

"ಹೌದ್," ಎಂದೆ. "ತಪ್ಪ್ ನಂದೇ."

ಮೂರನೇ ಬಹುಮಾನ ಅವಳಿಗೆ ಎಂದು ಕೂಗಿದರು. ಹಿಂದಿನ ಸಾಲಿನಿಂದ ಸೊಸೆ ಓಡೋಡಿ ಬಂದಳು. ಮಗಳನ್ನು ಅಪ್ಪಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಮೊಬೈಲು ಹಿಡಿದು ನನ್ನೆದುರು ನಿಂತಳು.

"ಅತ್ತಿ, ಈಗ ಹೇಳಿದ್ದ್ ಇನ್ನೊಂದ್ ಸಲ ಹೇಳಿ. ರೆಕಾರ್ಡ್ ಮಾಡ್ಕಂತೆ."